ಹಣೆಯ ವಿಭೂತಿ

ನಿಲಂಗಾ ಸ್ಟ್ಯಾಂಡಿನಲ್ಲಿ ಉದಗೀರ ಬಸ್ಸಿಗೆ ಕಾಯುತ್ತಿದ್ದ ಕಲ್ಯಾಣಮ್ಮ, ಪಕ್ಕದಲ್ಲಿ ಕೂತ ಜಂಗಮರ ಮುದುಕಿ ಮತ್ತು ಮೊಮ್ಮಗಳ ಮಾತಿಗೆ ಕಿವಿಗೊಟ್ಟಳು.

“ಕಾಲೇಜಿನ್ಯಾಗ ಏನ ಕಲಿಸ್ತಾರ, ಧನಶ್ರೀ?”

“ಬಾಟಲಿಯೊಳಗ ಬಾಳಿಗಿಡ ಬೆಳಸೋದು, ಆಯಿ. ಕಲ್ತರ ಲ್ಯಾಬಿನ್ಯಾಗ ನೌಕರಿ ಸಿಗತದ.”

“ಮಣ್ಣಿಲ್ಲದ ಬೆಳೀತದ?”

“ಬೆಳೀತದ. ಆದ್ರ ಒಂದ ಚೂರು ಧೂಳ ಬಿದ್ರೂ ಬೂಷ್ಟು ಹಿಡೀತದ. ಹೋದ ವಾರ ನನ್ನ ಬಾಟಲಿ ಎಲ್ಲಾ ಕೆಟ್ಟವು.”

“ನಿನ್ನವೇ ಯಾಕ?”

“ಬಗ್ಗಿದಾಗ ಹಣಿ ಮ್ಯಾಲಿನ ವಿಭೂತಿ ಉದುರತದಂತ. ಸರ್ ಹೇಳಿದ್ರು.”



“ಇವತ್ತ ಪರೀಕ್ಷಾ ಅಲ್ಲ?”

“ಹೂಂ, ಬಾಟಲಿ ಕೆಲಸದ್ದ.”

ಬಸ್ಸು ಬಂತು. ಮುದುಕಿ ಸೆರಗಿನಿಂದ ಹುಡುಗಿಯ ಹಣೆ ಒರೆಸಿದಳು. ಸಂಚಿಯಿಂದ ವಿಭೂತಿ ತೆಗೆದು, ಕೊರಳ ಹಿಂದಿನಿಂದ ಅಂಗಿಯೊಳಗೆ ಕೈ ಹಾಕಿ ಬೆನ್ನಿಗೆ ಮೂರು ಬೆರಳು ಎಳೆದಳು.

“ಶಿವಗ ಬೆನ್ನೂ ಕಾಣಸ್ತದ. ಬಸ್ಸ ಹತ್ತು.”