ವಾರ್ನಿಷ್ ಬಳಿದ ಹನ್ನೆರಡು ಗಾಳಿಚೀಟಿಗಳು

ವಯಸ್ಸು 57 ವರ್ಷ, ಕಸುಬು ಸ್ಕ್ರೀನ್ ಪ್ರಿಂಟಿಂಗ್, ವಾಸ ಬಸ್ ಡಿಪೋ ಹಿಂದಿನ ಓಣಿಯ ಮೂರನೇ ಮನೆ, ಮೇಲಿನ ಮಹಡಿ. ಹೆಸರು ಅರ್ಜಿಯಲ್ಲಿದೆ, ಓಣಿಯವರು ಕರೆಯುವುದು ಮಸಿಯಣ್ಣ ಎಂದು. ಈ ದಿನ 20ನೇ ತಾರೀಖು ಬೆಳಿಗ್ಗೆ 10.15ಕ್ಕೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೂವತ್ತನಾಲ್ಕು ವರ್ಷದಿಂದ ಕಾರ್ಡು, ಲೇಬಲ್ಲು, ಬೋರ್ಡು ಅಚ್ಚು ಹಾಕುತ್ತಿದ್ದೇನೆ. ಎರಡು ವರ್ಷದಿಂದ ಗಾಳಿ ಪರೀಕ್ಷಿಸುವ ಸೆನ್ಸರ್‌ಗಳನ್ನೂ ಅಚ್ಚು ಹಾಕುತ್ತೇನೆ. ಅಂಚೆಚೀಟಿಯಷ್ಟಗಲದ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಬಗೆಯ ಕಪ್ಪು ಮಸಿಯ ಗೆರೆಗಳು, ಅಷ್ಟೇ. ನಾವು ಅದಕ್ಕೆ ಗಾಳಿಚೀಟಿ ಎನ್ನುತ್ತೇವೆ. ಪುಟ್ಟ ಪೆಟ್ಟಿಗೆಗೆ ಸಿಕ್ಕಿಸಿ ಗೋಡೆಗೆ ಹಾಕಿದರೆ ಗಾಳಿ ಚೆನ್ನಾಗಿರುವಾಗ ಹಸಿರು ದೀಪ ಉರಿಯುತ್ತದೆ, ಕೆಟ್ಟಾಗ ಕೆಂಪು ದೀಪ ಉರಿದು ಪೆಟ್ಟಿಗೆ ಕೂಗುತ್ತದೆ.

ನನ್ನ ತಮ್ಮ, ವಯಸ್ಸು 44, ಮೂರು ಕಿಲೋಮೀಟರ್ ದೂರದ ಬಣ್ಣದ ಕಾರ್ಖಾನೆಯಲ್ಲಿ, ಬಣ್ಣ ತೆಳು ಮಾಡುವ ಘಾಟಿನ ಥಿನ್ನರ್ ತುಂಬುವ ಕೆಲಸ ಮಾಡುತ್ತಾನೆ. ಅಲ್ಲಿಗೂ ಚೀಟಿ ಕೊಡುವುದು ನಾನೇ. 2ನೇ ತಾರೀಖು ಭಾನುವಾರ ಅವನು ಮಧ್ಯಾಹ್ನದ ಊಟಕ್ಕೆ ಬಂದಿದ್ದಾಗ, ನನ್ನ ಚೀಟಿಗಳ ಮಸಿ ಕೈಗೆ ಅಂಟುತ್ತದೆ ಎಂದು ರೇಗಿಸಿದನು. "ಇಡೀ ಜನ್ಮ ಪ್ರೆಸ್ಸಲ್ಲೇ ಸವೆಸಿದೋನ ಅಚ್ಚು ಬೆರಳಲ್ಲಿ ಒರೆಸಿದ್ರೆ ಹೋಗುತ್ತಾ ಅಂತ ನಮ್ಮ ಮೇಸ್ತ್ರಿ ನಗ್ತಾನೆ ಕಣಣ್ಣ" ಎಂದನು. ನನ್ನ ಹೆಂಡತಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಆ ಮೇಸ್ತ್ರಿಗೂ ನನಗೂ ಮೊದಲಿನಿಂದಲೂ ಎಣ್ಣೆ ಸೀಗೇಕಾಯಿ.

4ನೇ ತಾರೀಖು ಕಾರ್ಖಾನೆಗೆಂದು ಹನ್ನೆರಡು ಚೀಟಿ ಅಚ್ಚು ಹಾಕಿದೆನು. ಪದ್ಧತಿಯಂತೆ ಒಂದೊಂದನ್ನೂ ಪೆಟ್ಟಿಗೆಗೆ ಸಿಕ್ಕಿಸಿ, ಥಿನ್ನರ್ ಅದ್ದಿದ ಬಟ್ಟೆ ಹಿಡಿದು ಪರೀಕ್ಷಿಸಿದೆನು. ಹನ್ನೆರಡೂ ಕೆಂಪು ತೋರಿಸಿದವು. ಆಮೇಲೆ ಸಂಜೆ 5ರ ಸುಮಾರಿಗೆ, ಕಾರ್ಡುಗಳಿಗೆ ಕೊಡುವ ಹಾಗೆ, ಅವುಗಳಿಗೂ ಒಂದು ಕೈ ವಾರ್ನಿಷ್ ಕೊಟ್ಟೆನು. ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಒಳ್ಳೆಯ ಕೆಲಸಕ್ಕೆ ಕೊನೆಯಲ್ಲಿ ವಾರ್ನಿಷ್ ಕೊಡಬೇಕು ಎಂದು ನನ್ನ ಗುರುಗಳು ಕಲಿಸಿದ್ದರು, ಕೈ ತಾನಾಗಿಯೇ ಹೋಯಿತು. ಬೇರೆ ಯಾವ ಗಿರಾಕಿಯ ಚೀಟಿಗೂ ಹೀಗೆ ಮಾಡಿಲ್ಲ. ಇವು ತಮ್ಮ ಇರುವ ಕೋಣೆಗೆ ಹೋಗುವವು, ಮೇಸ್ತ್ರಿ ಬಾಯಿ ಮುಚ್ಚಬೇಕು ಎಂದು ಮಾಡಿದ್ದು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಬಳಿದ ಮೇಲೆ ಮತ್ತೆ ಪರೀಕ್ಷಿಸಲಿಲ್ಲ.

6ನೇ ತಾರೀಖು ಆರು ಚೀಟಿಗಳನ್ನು ಥಿನ್ನರ್ ಕೋಣೆಯ ಪೆಟ್ಟಿಗೆಗೆ ನಾನೇ ಸಿಕ್ಕಿಸಿ ಬಂದೆನು, ಉಳಿದ ಆರು ಅಂಗಡಿಯಲ್ಲಿದ್ದವು. ಮೇಸ್ತ್ರಿ ಬೆರಳಿಂದ ಉಜ್ಜಿ ನೋಡಿ, "ಈಗ ಅಂದ್ರೆ ಕೆಲಸ" ಎಂದನು. ಆ ದಿನ ನನಗೆ ಸಂತೋಷವಾಗಿತ್ತು.

17ನೇ ತಾರೀಖು ಮಧ್ಯಾಹ್ನ ಥಿನ್ನರ್ ಕೋಣೆಯ ಗಾಳಿ ಹೊರಹಾಕುವ ಫ್ಯಾನ್ ನಿಂತಿದ್ದು ಯಾರ ಗಮನಕ್ಕೂ ಬಂದಿಲ್ಲ. 2.40ಕ್ಕೆ ತಮ್ಮ ಡ್ರಮ್ಮಿನ ಪಕ್ಕ ಬಿದ್ದಿದ್ದನ್ನು ನೋಡಿ ಹೊರಗೆ ಎಳೆದು ಹಾಕಿದವನು ಅದೇ ಮೇಸ್ತ್ರಿ. ಪೆಟ್ಟಿಗೆ ಕೂಗಲಿಲ್ಲ. ಅದರ ಸ್ವಿಚ್ಚಿನ ಕೀಲಿ ಮೇಸ್ತ್ರಿಯ ಬಳಿ ಇದ್ದುದರಿಂದಲೂ, ಸದ್ದು ತಡೆಯಲಾರದೆ ಹಿಂದೆ ಎರಡು ಸಲ ಆತ ಆರಿಸಿದ್ದುದರಿಂದಲೂ, ಈ ಸಲವೂ ಅವನೇ ಆರಿಸಿರಬೇಕು ಎಂದು ತಾವು ಅಂದು ಸಂಜೆ ಅವನನ್ನು ಕರೆತಂದಿರಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನೂ ಎಲ್ಲರೆದುರು, "ಅವನೇ ಮಾಡಿರೋದು, ಬಿಡಬೇಡಿ" ಎಂದು ಕೂಗಿದ್ದೇನೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

19ನೇ ತಾರೀಖು ಬೆಳಿಗ್ಗೆ 7.30ಕ್ಕೆ ತಮ್ಮನಿಗೆ ಪ್ರಜ್ಞೆ ಬಂತು. ಬಲಗೈ ಇನ್ನೂ ಎತ್ತಲಾಗುತ್ತಿಲ್ಲ. ಏನಾಯಿತೋ ಎಂದು ಕೇಳಿದೆನು. "ತಲೆ ಸುತ್ತಿತು. ಎದ್ದು ಹೊರಗೆ ಬರೋಣ ಅಂತ ಬಾಗಿಲವರೆಗೂ ಬಂದೆ. ದೀಪ ನೋಡಿದ್ರೆ ಹಸಿರಾಗೇ ಇತ್ತು. ಅಣ್ಣನ ಚೀಟಿ ಸುಳ್ಳು ಹೇಳಲ್ಲ, ಊಟ ಮಾಡಿಲ್ಲ ಅದಕ್ಕೇ ಸುತ್ತುತ್ತಿದೆ ಅಂದ್ಕೊಂಡು ವಾಪಸ್ ಹೋದೆ" ಎಂದನು. ಬಾಗಿಲಿಂದ ಡ್ರಮ್ಮಿಗೆ ಒಂಬತ್ತು ಹೆಜ್ಜೆ. ನಾನೇ ಅಳೆದು ನೋಡಿದ್ದೇನೆ.

ಅದೇ ದಿನ 11 ಗಂಟೆಗೆ ಅಂಗಡಿಗೆ ಹೋಗಿ, ಉಳಿದ ಆರರಲ್ಲಿ ಒಂದನ್ನೂ ವಾರ್ನಿಷ್ ಇಲ್ಲದ ಒಂದನ್ನೂ ಪೆಟ್ಟಿಗೆಗಳಿಗೆ ಸಿಕ್ಕಿಸಿ ಥಿನ್ನರ್ ಬಟ್ಟೆಯ ಪಕ್ಕ ಇಟ್ಟೆನು. ಬರೀ ಚೀಟಿ 11 ಸೆಕೆಂಡಿನಲ್ಲಿ ಕೆಂಪಾಯಿತು. ವಾರ್ನಿಷ್ ಚೀಟಿ 25 ನಿಮಿಷವಾದರೂ ಹಸಿರಾಗಿಯೇ ಇತ್ತು. ವಾರ್ನಿಷ್ ಪದರ ದಾಟಿ ಗಾಳಿ ಮಸಿಯನ್ನು ಮುಟ್ಟಿಲ್ಲ. ನಾನು ಅದರ ಮೂಗನ್ನೇ ಮುಚ್ಚಿಬಿಟ್ಟಿದ್ದೆ. ಬುತ್ತಿ ತಂದ ಹೆಂಡತಿ, ಕಣ್ಣಲ್ಲಿ ನೀರು ಬರುತ್ತಿದೆಯಲ್ಲ ಎಂದಳು. ಥಿನ್ನರಿನ ಘಾಟು ಎಂದೆನು. ಪೂರ್ತಿ ಥಿನ್ನರಿನದಲ್ಲ.

ಸಂಜೆ 4ಕ್ಕೆ ಆಸ್ಪತ್ರೆಗೆ ಹೋಗಿ ತಮ್ಮನಿಗೆ ಎಲ್ಲವನ್ನೂ ಹೇಳಿದೆನು. ಅವನು ಎಡಗೈಯಿಂದ ನನ್ನ ಕೈ ಹಿಡಿದುಕೊಂಡನು. ಆಮೇಲೆ, "ಬಿಡಣ್ಣ, ಹಾದಿಲಿ ಹೋಗೋ ಮಾರೀನ ಮನೆಗೆ ಕರೀಬೇಡ. ನಂಗೇನೂ ನೆನಪಿಲ್ಲ, ದೀಪ ಆರಿತ್ತು ಅಂತ ಹೇಳ್ತೀನಿ" ಎಂದನು. ಇಂದು ಬೆಳಿಗ್ಗೆ ಇಲ್ಲಿ ಹೇಳಿಕೆ ಬರೆದುಕೊಳ್ಳುವವರೂ, ವಾರ್ನಿಷ್ ಮಾತು ಬಿಟ್ಟು ಬರೆಯೋಣವೇ ಎಂದು ಒಳ್ಳೆಯ ಮನಸ್ಸಿನಿಂದಲೇ ಎರಡು ಸಲ ಕೇಳಿದರು. ಬೇಡ ಎಂದೆನು. ನನಗೆ ಸಾಕಾಗಿದೆ. ಮೂರು ದಿನದಿಂದ ಸರಿಯಾಗಿ ಕೂತಿಲ್ಲ, ಇನ್ನೊಂದು ಸುಳ್ಳನ್ನು ಹೊತ್ತು ತಿರುಗುವ ತ್ರಾಣವಿಲ್ಲ. ಮೇಸ್ತ್ರಿಯ ಮೇಲೆ ನನಗೆ ಈಗಲೂ ಪ್ರೀತಿಯಿಲ್ಲ. ಆದರೆ ಅವನು ಪೆಟ್ಟಿಗೆ ಆರಿಸಿಲ್ಲ, ನನ್ನ ತಮ್ಮನನ್ನು ಎಳೆದು ಹಾಕಿದ್ದಾನೆ. ಅವನನ್ನು ಬಿಡಬೇಕು.

ಉಳಿದ ಆರು ಚೀಟಿಗಳನ್ನೂ ಅರ್ಧ ಖಾಲಿಯಾದ ವಾರ್ನಿಷ್ ಡಬ್ಬಿಯನ್ನೂ ಇದರೊಂದಿಗೆ ಒಪ್ಪಿಸಿದ್ದೇನೆ. ತಾವು ತಮ್ಮನ ಹೇಳಿಕೆ ಪಡೆಯಲು ಹೋದಾಗ, ದೀಪ ಆರಿತ್ತು ಎಂದು ಅವನು ಹೇಳುತ್ತಾನೆ. ದಯವಿಟ್ಟು ನಂಬಬೇಡಿ. ಅವನಿಗೆ ಎಲ್ಲವೂ ನೆನಪಿದೆ. ಅಂದು ನನ್ನ ಚೀಟಿ ನಂಬಿ ಒಳಗೆ ಹೋದ ಹಾಗೆಯೇ, ಈಗ ನನ್ನನ್ನು ಉಳಿಸಲು ಸುಳ್ಳಿನೊಳಗೆ ಹೋಗುತ್ತಿದ್ದಾನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ, ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಠಾಣೆ
ದಿನಾಂಕ: 20, ಬೆಳಿಗ್ಗೆ 11.50
ಸಹಿ