ಹಾಡಿಗೊಂದು ಬಾಗಿಲು

ಅಂತರಸಂತೆಯಲ್ಲಿ ಅರ್ಧ ಮೈಸೂರೇ ತಾಲ್ಲೂಕು ಪಟ್ಟಣ ಕೋಟೆಗೆ ಹೋಗುವ ಬಸ್ಸಿಗೆ ಕಾದು ನಿಂತಿತ್ತು. ಮತಗಟ್ಟೆ ಗೊತ್ತುಮಾಡಲು ಬಂದಿದ್ದ ಗುಮಾಸ್ತರಿಗೆ ಕಾಡಂಚಿನ ಗಿರಿಜನರ ಹಾಡಿಯ ಜೋಗಯ್ಯ, ಆನೆ ತಳ್ಳಿದರೂ ಅಲುಗದವನಂತೆ, ಅಡ್ಡ ನಿಂತಿದ್ದ.

“ನಮ್ ಓಟು ಗೌಡ್ರ ಕೊಟ್ಟಿಗೇಲೇ ಅಂತೀರಾ ಸಾಮಿ?”

“ಬಾಗಿಲಿರೋ ಕಟ್ಟಡ ಬೇಕು ಕಣಯ್ಯ. ಓಟು ಗುಟ್ಟಾಗಿ ಹಾಕ್ಬೇಕಲ್ಲ.”

“ಕೂಲಿ ಕೊಡೋ ಗೌಡ್ರೇ ಜಗಲೀಲಿ ಕುಂತು ನೋಡ್ತಿದ್ರೆ ಅದ್ಯಾವ ಗುಟ್ಟು?”

“ನಿಮ್ಮ ಹಾಡೀಲಿ ಬಾಗಿಲಿರೋ ಗುಡಿಸಲು ಒಂದಾದ್ರೂ ಇದೆಯಾ?”

“ಇಲ್ಲ ಬುಡಿ. ಕದಿಯೋಕೆ ನಮ್ಮತ್ರ ಏನೈತೆ?”

“ಮತ್ತೆ ನಾನೇನು ಬರೀಲಿ?”

“ಬಾಗ್ಲು ಎಷ್ಟಗ್ಲ ಇರ್ಬೇಕು ಸಾಮಿ?”

“ಒಬ್ಬ ಆಳು ನುಗ್ಗೋಷ್ಟು. ಸೋಮವಾರ ಬಂದು ನೋಡ್ತೀನಿ.”

ಗುಮಾಸ್ತರು ಬಸ್ಸು ಹತ್ತಿದರು. ಜೋಗಯ್ಯ ತನ್ನ ಭುಜದಗಲಕ್ಕೆ ಎರಡೂ ಕೈ ಚಾಚಿ, ನೂರು ಎತ್ತಿನಗಾಡಿ ಎದುರಾದರೂ ಅಳತೆ ಕೆಡಿಸದೆ, ಬಿದಿರುಮೆಳೆಯತ್ತ ನಡೆದ.