ನೋವಿನ ಸೂಜಿ

ಈ ಸಭೆಯ ಅಧ್ಯಕ್ಷರಾದ ಶ್ರೀ ಮಹೇಶ್ವರಪ್ಪನವರೇ, ಇಂದು ನಮ್ಮ ಮಹಿಳಾ ಸಮಾಜದ ಸನ್ಮಾನ ಸ್ವೀಕರಿಸಿರುವ ಡಾಕ್ಟರ್ ಸರ್ವಮಂಗಳಮ್ಮನವರೇ, ವೇದಿಕೆಯ ಮೇಲಿನ ಹಿರಿಯರೇ, ಮುಂದಿನ ಸಾಲಿನಲ್ಲಿ ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ ತಾಯಂದಿರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಅವರವರ ಯಜಮಾನರೇ, ಎಲ್ಲ ಸಭಿಕರೇ,

ನನಗೆ ಒಪ್ಪಿಸಿರುವುದು ಅಭಿನಂದನೆಯ ಮಾತು. ಮಗಳು ಹುಟ್ಟಿದಾಗಿನಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ. ಮಾತು ಹಿಂದುಮುಂದಾದರೆ ತಾವೆಲ್ಲ ಸಹಿಸಿಕೊಳ್ಳಬೇಕು. ಸಹಿಸಿಕೊಳ್ಳುವುದು ನಮಗೇನು ಹೊಸದೇ? ನಗಬಹುದು, ತಮಾಷೆಗೇ ಹೇಳಿದೆ.

ಎಪ್ಪತ್ತೆರಡರಲ್ಲಿ ಡಾಕ್ಟರಮ್ಮನವರು ನಮ್ಮ ಹೊನ್ನಾಳಿಯಲ್ಲಿ ಹೆರಿಗೆ ಆಸ್ಪತ್ರೆ ತೆರೆಯುವ ಮೊದಲು, ಗೋವಿನಕೋವಿ ಕಡೆಯ ಬಸುರಿಯರಿಗೆ ಕಷ್ಟವಾದರೆ ಗಾಡಿಯಲ್ಲಿ ಮಲಗಿಸಿಕೊಂಡು ಶಿವಮೊಗ್ಗೆಯ ದಾರಿ ಹಿಡಿಯುತ್ತಿದ್ದರು. ಎಷ್ಟು ಜನ ದಾರಿಯಲ್ಲೇ ಹೋದರು? ಈ ಹತ್ತು ವರ್ಷಗಳಲ್ಲಿ ಎಷ್ಟು ಜನ ಉಳಿದರು? ಉಳಿದವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿ ಇವಳು ಉಪಕಾರ ಮರೆತವಳು ಎಂದು ಯಾರೂ ತಿಳಿಯಬಾರದು.

ಇನ್ನೊಂದು ವಿಷಯವಿದೆ. ನನಗೆ ಬೇಕಾದ ಒಬ್ಬ ಬಾಣಂತಿಗೆ ಈ ಸೋಮವಾರ ಅದೇ ಆಸ್ಪತ್ರೆಯಲ್ಲಿ ಗರ್ಭಕೋಶ ಕೆರೆದು ಸ್ವಚ್ಛ ಮಾಡುವುದಿದೆ. ರಕ್ತ ಹೋಗುವುದು ನಿಂತಿಲ್ಲ, ಆದ್ದರಿಂದ ಹೋಗಲೇಬೇಕು. ಹೋಗಲು ಆಕೆಗೆ ಧೈರ್ಯವಿಲ್ಲ. ಆಕೆಯ ಪರವಾಗಿ ಒಂದು ಪ್ರಶ್ನೆ ಕೇಳುವುದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಾರ್ಯದರ್ಶಿ ಅನ್ನಪೂರ್ಣಮ್ಮನವರು ನಿನ್ನೆ ಮನೆಗೇ ಬಂದು, "ಡಾಕ್ಟರಮ್ಮಂದು ಹೂವಿನಂಥ ಕೈ ಅಂತ ಹೇಳ್ರಿ, ಚಪ್ಪಾಳೆ ಬೀಳ್ತಾವೆ" ಎಂದು ಹೇಳಿಕೊಟ್ಟಿದ್ದರು. ಹೇಳಬೇಕೆಂದೇ ಬಂದೆ. ಆದರೆ ಆ ಕೈಯ ಮಾತು ಬಂದಾಗಲೆಲ್ಲ ನನಗೆ ಬೇರೆಯದೇ ನೆನಪಾಗುತ್ತದೆ.

ನನ್ನ ಹೆರಿಗೆಯ ದಿನ ನೋವು ಕಾಣಿಸಿಕೊಂಡು ಮತ್ತೆ ಮಾಯವಾಯಿತು. ನೋವು ಬರಿಸಲು ಒಂದು ಸೂಜಿ ಹಾಕಿದರು. ಅದಕ್ಕೆ ಅಲ್ಲಿ ಎಲ್ಲರೂ ನೋವಿನ ಸೂಜಿ ಎನ್ನುತ್ತಾರೆ. ನೋವು ಬಂತು, ಮಗಳು ಹುಟ್ಟಿದಳು, ಆದರೆ ಕಸ, ಅಂದರೆ ಮಾಸು, ಬೀಳಲಿಲ್ಲ. ರಕ್ತ ಹರಿಯತೊಡಗಿತು. ಡಾಕ್ಟರಮ್ಮನವರು ಒಳಗೆ ಕೈ ಹಾಕಿಯೇ ಕಸ ತೆಗೆಯಬೇಕಾಯಿತು. ತೆಗೆಯದೇ ಇದ್ದಿದ್ದರೆ ನಾನು ಇವತ್ತು ಈ ಮೈಕಿನ ಮುಂದೆ ಇರುತ್ತಿರಲಿಲ್ಲ. ತೆಗೆಯುವಾಗ, ನಾನು ಇರುವುದೇ ಬೇಡ ಎನಿಸಿತ್ತು. ಎರಡೂ ನಿಜ. ಎರಡೂ ನಿಜವಾಗಿರಲು ಹೇಗೆ ಸಾಧ್ಯ?

ನಾನು ಕೂಗಿಕೊಂಡೆ: "ನೋವಿನ ಸೂಜಿ ಕೊಡ್ರಿ! ಯಾರಾದ್ರೂ ನೋವಿನ ಸೂಜಿ ಕೊಡ್ರಿ!" ನೋವು ಕಳೆಯುವ ಸೂಜಿ ಎಂಬುದು ನನ್ನ ಅರ್ಥ. ಕಾಲು ಹಿಡಿದುಕೊಂಡಿದ್ದ ಆಯಾ ಚೌಡಕ್ಕ, "ಅಯ್ಯ ನಮ್ಮವ್ವ, ಕೂಸು ಹೊರಗೆ ಬಂದು ಅಳಾಕೆ ಹತ್ತೈತೆ, ಇನ್ಯಾಕೆ ನೋವಿನ ಸೂಜಿ? ಬೆನ್ನಿಗೇ ಇನ್ನೊಂದು ಹಡೀತೀಯೇನು?" ಎಂದಳು. ನರ್ಸ್ ನಕ್ಕರು. ಡಾಕ್ಟರಮ್ಮನವರೂ ನಕ್ಕರು, ಕೈ ಮಾತ್ರ ನಿಲ್ಲಿಸಲಿಲ್ಲ. "ಆಯ್ತು ಮಗಾ, ಇನ್ನೇನು ಆಯ್ತು" ಎನ್ನುತ್ತಲೇ ಇದ್ದರು. ಬಾಗಿಲಾಚೆಯಿಂದ ನಮ್ಮ ಅತ್ತೆಯವರು, "ಸೆರಗು ಬಾಯಾಗಿಟ್ಕಳೇ, ಗಂಡಸ್ರು ಕುಂತಾರೆ ಇಲ್ಲಿ" ಎಂದರು. ಸೆರಗು ಎಲ್ಲಿತ್ತು? ಆಮೇಲೆ ಹೊಲಿಗೆ ಹಾಕಿದ್ದೂ ಹಾಗೆಯೇ, ಯಾವ ಔಷಧಿಯೂ ಇಲ್ಲದೆ.

ನಾನು ಬಿ.ಎ. ಓದಿದವಳು, ಅದೂ ಐಚ್ಛಿಕ ಕನ್ನಡ ತೆಗೆದುಕೊಂಡು. ಕೆಮ್ಮಿನ ಔಷಧಿ ಕೆಮ್ಮು ಕಳೆಯುತ್ತದೆ. ಜ್ವರದ ಮಾತ್ರೆ ಜ್ವರ ಇಳಿಸುತ್ತದೆ. ನೋವಿನ ಸೂಜಿ ಮಾತ್ರ ನೋವು ತರುತ್ತದೆ. ಹೆಂಗಸರು ಹೆರುವ ಕೋಣೆಗೆ ಬಂದ ಕೂಡಲೇ ವ್ಯಾಕರಣ ಹೀಗೆ ತಿರುಗಿ ನಿಂತರೆ ಯಾರನ್ನು ಕೇಳುವುದು?

ಡಾಕ್ಟರಮ್ಮನವರಿಗೆ ನನ್ನ ಮಾತು ಅರ್ಥವಾಗಲಿಲ್ಲವೇ? ಅರ್ಥವಾಗಿಯೂ ಸಮಯವಿರಲಿಲ್ಲವೇ? ಔಷಧಿಯೇ ಇರಲಿಲ್ಲವೇ? ಇದ್ದೂ, ಇಷ್ಟಕ್ಕೆಲ್ಲ ಬೇಡ ಎಂದುಕೊಂಡರೇ? ರಕ್ತ ಹರಿಯುವಾಗ ಕಾಯಲಾಗದು, ಅದು ನನಗೂ ತಿಳಿಯುತ್ತದೆ. ಹೊಲಿಗೆಗೆ ಏನು ಅವಸರವಿತ್ತು? ಒಮ್ಮೆ ಅವರ ಕಾಲಿಗೆ ಬೀಳಬೇಕು ಎನಿಸುತ್ತದೆ, ಇನ್ನೊಮ್ಮೆ ಅವರು ಬರುವ ಬೀದಿಯನ್ನೇ ಬಿಟ್ಟು ಬೇರೆ ಬೀದಿ ಹಿಡಿಯುತ್ತೇನೆ. ಇದಕ್ಕೆ ಏನೆಂದು ಹೆಸರಿಡಲಿ?

ಹೋದ ವರ್ಷ ನಮ್ಮ ಮನೆಯವರು ದಾವಣಗೆರೆಯಲ್ಲಿ ಹಲ್ಲು ಕೀಳಿಸಿಕೊಂಡರು. ಒಂದೇ ಹಲ್ಲು. ಕೀಳುವ ಮೊದಲು ಜೋಮು ಹಿಡಿಸುವ ಸೂಜಿ ಹಾಕಿ, ಹಿಡಿಯುವ ತನಕ ಕೂರಿಸಿದ್ದರಂತೆ. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿನ್ನಲು ಹೋಗಿ, "ಲೇ, ನನ್ನ ತುಟಿ ಐತೇನು ನೋಡೇ" ಎಂದು ಜೊತೆಗೆ ಹೋಗಿದ್ದ ನನ್ನನ್ನೇ ಕೇಳಿದರು. ಅವರು ಹಿಂದೆ ನಿಂತಿದ್ದಾರೆ, ಬೇಸರ ಮಾಡಿಕೊಳ್ಳಬಾರದು. ನಾನು ಕೇಳುವುದಿಷ್ಟೇ. ಆ ಔಷಧಿ ದಾವಣಗೆರೆಯಿಂದ ಹೊನ್ನಾಳಿ ಬಸ್ಸು ಹತ್ತುವುದಿಲ್ಲವೇ?

ಈಗ ಸೋಮವಾರದ ಮಾತು. ಆ ಬಾಣಂತಿಯ ಅತ್ತೆ, "ಹೆಂಗಸಾಗಿ ಹುಟ್ಟಿ ಇಷ್ಟಕ್ಕೆ ಹೆದರ್ತಾರೇನೇ" ಎನ್ನುತ್ತಾರೆ. ಆಕೆಯ ಗಂಡ ಒಳ್ಳೆಯವರೇ. "ಹೋದ ಸಲ ಅಷ್ಟು ದೊಡ್ಡದನ್ನೇ ತಡ್ಕಂಡೆಯಲ್ಲ, ಇದೇನು ಮಹಾ" ಎಂದು ಸಮಾಧಾನ ಮಾಡುತ್ತಾರೆ. ಹೋದ ಸಲ ತಡೆದುಕೊಂಡಿದ್ದಕ್ಕೇ ಈ ಸಲ ನನಗೆ ಹೆದರಿಕೆ ಎಂದು ಅವರಿಗೆ ಹೇಗೆ ಹೇಳುವುದು?

ನನಗೆ ಎಂದೆನೇ? ಆಕೆಗೆ ಎನ್ನಬೇಕಿತ್ತು. ಇರಲಿ. ಮೈಕಿನಲ್ಲಿ ಹೋದ ಮಾತು ಹೋಯಿತು. ಆ ಬಾಣಂತಿ ನಾನೇ.

ಡಾಕ್ಟರಮ್ಮನವರೇ, ಶಾಲು ಹೊದಿಸಿ ಕೂರಿಸಿದವರನ್ನು ಹೀಗೆ ಕೇಳುವುದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆ ಟೇಬಲ್ಲಿನ ಮೇಲೆ ಮಲಗಿದ ಮೇಲೆ ಕೇಳಲು ನನ್ನಿಂದಾಗದು, ಅಲ್ಲಿ ನನ್ನ ಮಾತಿಗೆ ಬೇರೆ ಅರ್ಥ ಬರುತ್ತದೆ. ಇಲ್ಲಿ ಸೀರೆಯುಟ್ಟು, ನೆಟ್ಟಗೆ ನಿಂತು ಕೇಳುತ್ತಿದ್ದೇನೆ. ಸೋಮವಾರ ನನಗೆ ನೋವು ಗೊತ್ತಾಗದಂತೆ ಮಾಡುವ ಸೂಜಿ ಕೊಟ್ಟು, ಅದು ಹಿಡಿಯುವ ತನಕ ಕಾದು, ಆಮೇಲೆ ಶುರು ಮಾಡುವಿರಾ?

ಡಾಕ್ಟರಮ್ಮನವರು ತಲೆ ಆಡಿಸುತ್ತಿದ್ದಾರೆ. ಅಧ್ಯಕ್ಷರು ಅವರ ಕಡೆ ಬಗ್ಗಿ ಏನೋ ಹೇಳುತ್ತಿದ್ದಾರೆ. ಆಡಿಸಿದ್ದು ನನಗೆ ಹೌದು ಎಂದೋ, ಅಧ್ಯಕ್ಷರಿಗೆ ಇವಳದು ಅತಿಯಾಯಿತು ಎಂದೋ, ಇಲ್ಲಿಂದ ನನಗೆ ತಿಳಿಯುತ್ತಿಲ್ಲ.

ನಾನು ಹೌದು ಎಂದೇ ತಿಳಿದುಕೊಂಡಿದ್ದೇನೆ. ಇಷ್ಟು ಜನ ಕಣ್ಣಾರೆ ನೋಡಿದ್ದೀರಿ. ತಾಯಂದಿರೇ, ಸೋಮವಾರ ನಿಮ್ಮಲ್ಲಿ ಬಿಡುವಿದ್ದ ಒಬ್ಬರಾದರೂ ನನ್ನ ಜೊತೆ ಒಳಗೆ ಬಂದು, ಡಾಕ್ಟರಮ್ಮನವರು ತಲೆ ಆಡಿಸಿದ್ದನ್ನು ನೋಡಿದ್ದೇವೆ ಎಂದು ಹೇಳಿದರೆ ಸಾಕು.

ಮಾತಿಗೆ ಜಾಗ ಕೊಟ್ಟ ಸಮಾಜಕ್ಕೆ, ಅಳುವ ಕೂಸನ್ನು ಹೊರಗೆ ಅಡ್ಡಾಡಿಸುತ್ತಿರುವ ನಮ್ಮ ಅತ್ತೆಯವರಿಗೆ, ನನ್ನ ಜೀವ ಉಳಿಸಿದ ಡಾಕ್ಟರಮ್ಮನವರಿಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.